ಕಾಣದ ಕೊಳವೆಯ ಹೊಣೆ

ಹಳೆಯ ವಾಹನಗಳನ್ನು ದುರಸ್ತಿಗೊಳಿಸಿ ಮೂಲರೂಪಕ್ಕೆ ತರುವ ಹವ್ಯಾಸವು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಕಾರು, ಜೀಪು ಮತ್ತು ಬೈಕುಗಳಿಗೆ ಸೀಮಿತವಾಗಿದೆ. ಈಚೆಗೆ ಹಳೆಯ ಲಾರಿಗಳ ಮೇಲೂ ಕೆಲವರ ಕಣ್ಣು ಬಿದ್ದಿದೆ. ಮರದ ಕ್ಯಾಬಿನ್ನು, ಉದ್ದ ಮೂತಿ, ಕೈಬರಹದ ಹೆಸರು, ಇವೆಲ್ಲ ಒಂದು ಕಾಲದ ದುಡಿಮೆಯ ನೆನಪುಗಳು. ಆದರೆ ಲಾರಿಯನ್ನು ಮತ್ತೆ ನಡೆಸುವುದು ಕಾರನ್ನು ನಡೆಸಿದಷ್ಟು ಸುಲಭವಲ್ಲ. ಹಲವು ಟನ್ನು ತೂಕದ ಯಂತ್ರವನ್ನು ಚಾಲಕನ ಕಾಲಿನ ಬಲವೊಂದೇ ನಿಲ್ಲಿಸಲಾರದು. ಗಾಳಿ ಬ್ರೇಕಿರುವ ಲಾರಿಯಲ್ಲಿ ಆ ಕೆಲಸವನ್ನು ಮಾಡುವುದು ಒತ್ತಡದಲ್ಲಿರುವ ಗಾಳಿ. ಆ ಗಾಳಿಯನ್ನು ಗಾಲಿಗೆ ಮುಟ್ಟಿಸುವುದು ಚಾಸಿಗೆ ಅಂಟಿಕೊಂಡು ಸಾಗುವ, ಸುಲಭವಾಗಿ ಕಣ್ಣಿಗೆ ಬೀಳದ ಕೊಳವೆಗಳು.

ಭಾರತದಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್ ಬೆಂಜ್ ಸಹಯೋಗದೊಡನೆ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿದ್ದು 1954ರಲ್ಲಿ. ಇಂಗ್ಲೆಂಡಿನ ಕ್ಲೇಟನ್ ಡಿವಾಂಡರ್ ಸಂಸ್ಥೆಯ ಸಹಯೋಗದಲ್ಲಿ ಮದರಾಸಿನ ಸುಂದರಂ ಕ್ಲೇಟನ್ ಸ್ಥಾಪನೆಯಾದದ್ದು 1962ರಲ್ಲಿ. ಗಾಳಿ ಬ್ರೇಕಿನ ಉಪಕರಣಗಳೇ ಅದರ ಮುಖ್ಯ ಸರಕು. ಆದ್ದರಿಂದ ಅರ್ಧ ಶತಮಾನ ದಾಟಿದ ಲಾರಿಯಲ್ಲಿ ಮೂರು ಬಗೆಯ ವ್ಯವಸ್ಥೆಗಳಲ್ಲಿ ಯಾವುದೂ ಇರಬಹುದು: ಕೇವಲ ಎಣ್ಣೆಯ ಒತ್ತಡದ ಬ್ರೇಕು, ಗಾಳಿಯ ನೆರವಿನಿಂದ ಎಣ್ಣೆಯನ್ನು ತಳ್ಳುವ ಬ್ರೇಕು, ಅಥವಾ ಪೂರ್ಣ ಗಾಳಿ ಬ್ರೇಕು. ನಡುವೆ ಕೈಬದಲಾದ ಕಾಲದಲ್ಲಿ ಯಾವುದೋ ಗ್ಯಾರೇಜಿನಲ್ಲಿ ಒಂದನ್ನು ಇನ್ನೊಂದಾಗಿ ಮಾರ್ಪಡಿಸಿರುವುದೂ ಉಂಟು. ದೋಷ ಹುಡುಕುವ ಮೊದಲು ಎದುರಿಗಿರುವುದು ಯಾವ ವ್ಯವಸ್ಥೆಯೆಂದು ಕೊಳವೆ ಕೊಳವೆಯಾಗಿ ಗುರುತಿಸಿ ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಬೇಕು.

ಪೂರ್ಣ ಗಾಳಿ ಬ್ರೇಕಿನ ಕ್ರಮ ಸರಳವಾದುದು. ಎಂಜಿನ್ ತಿರುಗಿಸುವ ಕಂಪ್ರೆಸರು ಗಾಳಿಯನ್ನು ಟ್ಯಾಂಕಿನಲ್ಲಿ ತುಂಬುತ್ತದೆ. ಚಾಲಕ ಪೆಡಲನ್ನು ಒತ್ತಿದಾಗ ಕಾಲಿನಡಿಯ ವಾಲ್ವು ತೆರೆದು ಗಾಳಿಯನ್ನು ಪ್ರತಿ ಗಾಲಿಯ ಬಳಿಯ ಬ್ರೇಕ್ ಚೇಂಬರಿಗೆ ಬಿಡುತ್ತದೆ. ಅಲ್ಲಿಯ ರಬ್ಬರ್ ಡಯಾಫ್ರಾಮು ಒಂದು ದಂಡವನ್ನು ತಳ್ಳುತ್ತದೆ. ದಂಡವು ಸ್ಲ್ಯಾಕ್ ಅಡ್ಜಸ್ಟರನ್ನೂ ಅದರೊಡನೆ ಕ್ಯಾಮನ್ನೂ ತಿರುಗಿಸಿ ಲೈನರನ್ನು ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದಾಗ ಚೇಂಬರಿನ ಗಾಳಿ ಹೊರಹೋಗುತ್ತದೆ. ಗಾಳಿ ಖಾಲಿಯಾದರೆ ಬ್ರೇಕು ತಾನಾಗಿಯೇ ಹಿಡಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ಪ್ರಿಂಗ್ ಬ್ರೇಕಿರುವ ಈಚಿನ ವಾಹನಗಳಿಗೆ ಅದು ಸಲ್ಲುತ್ತದೆ. ಸ್ಪ್ರಿಂಗ್ ಬ್ರೇಕಿಲ್ಲದ, ಒಂದೇ ಗಾಳಿಮಾರ್ಗದ ಹಳೆಯ ಲಾರಿಗೆ ಸಲ್ಲುವುದಿಲ್ಲ. ಅಲ್ಲಿ ಒಂದು ಕೊಳವೆ ಒಡೆದರೆ ನಾಲ್ಕೂ ಮೂಲೆಯ ಬ್ರೇಕು ಒಟ್ಟಿಗೆ ಹೋಗುತ್ತದೆ. ಉಳಿಯುವುದು ಕೈಬ್ರೇಕು ಮತ್ತು ಗೇರು ಮಾತ್ರ.

ಎಣ್ಮಕಜೆಯಂಥ ನೆಲದಲ್ಲಿ ಇದು ಲಘುವಾದ ಮಾತಲ್ಲ. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳಗಳ ಮೂಲಕ ಕಲ್ಲಡ್ಕಕ್ಕೆ ಸಾಗುವ ರಸ್ತೆಯಾಗಲಿ, ಪೆರ್ಲದಿಂದ ಸ್ವರ್ಗ, ಪಡ್ರೆಯ ಕಡೆಗೆ ಕವಲೊಡೆಯುವ ದಾರಿಗಳಾಗಲಿ ಏರಿಳಿತ ಮತ್ತು ತಿರುವುಗಳಿಂದ ಕೂಡಿವೆ. ಇಳಿಜಾರಿನಲ್ಲಿ ಪೆಡಲನ್ನು ಪದೇ ಪದೇ ಒತ್ತಿದಷ್ಟೂ ಗಾಳಿ ವ್ಯಯವಾಗುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಕಂಪ್ರೆಸರು ತುಂಬಿಕೊಡಬಲ್ಲ ಸಣ್ಣ ಸೋರಿಕೆಯು ಇಲ್ಲಿ ತಿರುವಿನ ತುದಿಯಲ್ಲಿ ಅಪಾಯವಾಗಿ ಪರಿಣಮಿಸಬಹುದು. ಅದರ ಮೇಲೆ ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆ. ಮಳೆಗಾಲದ ತೇವದ ಗಾಳಿ ಟ್ಯಾಂಕಿನಲ್ಲಿ ತಣಿದು ನೀರಾಗುತ್ತದೆ. ಆ ನೀರು ಉಕ್ಕಿನ ಟ್ಯಾಂಕನ್ನೂ ಕೊಳವೆಯನ್ನೂ ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ, ಚಾಸಿಯ ಮತ್ತು ಕ್ಲಿಪ್ಪುಗಳ ಸಂದಿಯಲ್ಲಿ ಮೆತ್ತಿದ ಕೆಂಪುಮಣ್ಣು ತೇವವನ್ನು ಹಿಡಿದಿಟ್ಟು ಅದೇ ಕೆಲಸವನ್ನು ಮಾಡುತ್ತದೆ. ವರ್ಷಗಟ್ಟಲೆ ಅಂಗಳದಲ್ಲಿ ನಿಂತ ಲಾರಿಯ ಕೊಳವೆಗೆ ಹೊಳೆಯುವ ಬಣ್ಣ ಬಳಿದರೆ ತುಕ್ಕು ಮುಚ್ಚಿಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ.

ಪರೀಕ್ಷೆಗೆ ಒಂದು ಕ್ರಮವಿದೆ. ಸಮತಟ್ಟಾದ ಜಾಗದಲ್ಲಿ ಗಾಲಿಗಳ ಹಿಂದೆ ಮುಂದೆ ಅಡ್ಡೆಯಿಟ್ಟು, ಎಂಜಿನ್ ಚಾಲೂ ಮಾಡಿ ಗಾಳಿಯನ್ನು ಪೂರ್ಣ ತುಂಬಿಸಬೇಕು. ತುಂಬಲು ಅತಿಯಾದ ಸಮಯ ಹಿಡಿದರೆ ಕಂಪ್ರೆಸರಿನ ವಾಲ್ವು, ಗಾಳಿ ಸೇರುವ ಫಿಲ್ಟರು, ಇಲ್ಲವೇ ಕಂಪ್ರೆಸರಿನಿಂದ ಟ್ಯಾಂಕಿಗೆ ಹೋಗುವ ಕೊಳವೆಯಲ್ಲಿ ಎಣ್ಣೆ ಸುಟ್ಟು ಕಟ್ಟಿಕೊಂಡ ಮಸಿಯ ಮೇಲೆ ಸಂಶಯಪಡಬೇಕು. ಬಳಿಕ ಎಂಜಿನ್ ನಿಲ್ಲಿಸಿ, ಪೆಡಲ್ ಮುಟ್ಟದೆ ಗೇಜನ್ನು ನೋಡಬೇಕು. ಆಮೇಲೆ ಇನ್ನೊಬ್ಬರಿಂದ ಪೆಡಲನ್ನು ಒತ್ತಿ ಹಿಡಿಸಿ ಮತ್ತೆ ನೋಡಬೇಕು. ಅಮೆರಿಕದಲ್ಲಿ ಲಾರಿ ಚಾಲಕರ ಪರವಾನಿಗೆ ಪರೀಕ್ಷೆಯಲ್ಲಿ ಟ್ರೈಲರಿಲ್ಲದ ವಾಹನಕ್ಕೆ ಅನುಸರಿಸುವ ಮಿತಿ ಇಲ್ಲಿಯೂ ಉಪಯುಕ್ತ ಅಳತೆ: ಪೆಡಲ್ ಒತ್ತದಿರುವಾಗ ನಿಮಿಷಕ್ಕೆ 2 ಪಿಎಸ್‌ಐ, ಒತ್ತಿ ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಹಳೆಯ ಗೇಜಿನಲ್ಲಿ ಒಂದು ನಿಮಿಷದ ಇಳಿತ ಕಣ್ಣಿಗೆ ಕಾಣದು. ಐದು ನಿಮಿಷ ಕಾಯುವುದು ಲೇಸು. ಆಗ ಮೊದಲನೆಯ ಮಿತಿ 10 ಪಿಎಸ್‌ಐ, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 0.7 ಕಿಲೋ ಆಗುತ್ತದೆ. ಗೇಜೂ ಹಳೆಯದಾದ್ದರಿಂದ ಅದನ್ನು ಮೊದಲು ಹೊಸದೊಂದರೊಡನೆ ಹೋಲಿಸಿ ನೋಡಿರಬೇಕು.

ಈ ಎರಡು ಪರೀಕ್ಷೆಗಳ ವ್ಯತ್ಯಾಸವೇ ದೋಷದ ವಿಳಾಸವನ್ನು ಹೇಳುತ್ತದೆ. ಪೆಡಲ್ ಒತ್ತದಿರುವಾಗಲೇ ಒತ್ತಡ ಇಳಿದರೆ ಸೋರಿಕೆ ಕಂಪ್ರೆಸರು, ಟ್ಯಾಂಕು ಮತ್ತು ಪೆಡಲ್ ವಾಲ್ವಿನ ನಡುವೆ ಇದೆ. ಒತ್ತಿದಾಗ ಮಾತ್ರ ಇಳಿದರೆ ವಾಲ್ವಿನಿಂದ ಗಾಲಿಯ ಕಡೆಗಿನ ಕೊಳವೆ, ಹೋಸು ಅಥವಾ ಡಯಾಫ್ರಾಮಿನಲ್ಲಿದೆ. ಪೆಡಲ್ ಮುಟ್ಟದಿರುವಾಗ ವಾಲ್ವಿನ ಹೊರದಾರಿಯಲ್ಲಿ ಗಾಳಿ ಸುಯ್ಯೆಂದರೆ ಗಾಳಿಯನ್ನು ಒಳಬಿಡುವ ಸೀಟಿನಲ್ಲಿ ಕಸ ಕುಳಿತಿರುತ್ತದೆ. ಒತ್ತಿದಾಗ ಸುಯ್ಯೆಂದರೆ ಹೊರಬಿಡುವ ಸೀಟು ಸವೆದಿರುತ್ತದೆ. ಉಳಿದ ಜೋಡಣೆಗಳನ್ನೆಲ್ಲ ಸೋಪುನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಟ್ಯಾಂಕಿನ ತಳದ ಕಾಕನ್ನು ತೆರೆದಾಗ ನೀರು ಬರುವುದು ಸಹಜ, ಹೆಚ್ಚು ಎಣ್ಣೆ ಬಂದರೆ ಕಂಪ್ರೆಸರಿನ ರಿಂಗು ಸವೆದಿದೆ ಎಂದರ್ಥ.

ಸೋರಿಕೆಯಿಲ್ಲದ ದೋಷಗಳೂ ಇವೆ. ಒಂದು ಗಾಲಿ ಮಾತ್ರ ತಡವಾಗಿ ಸಡಿಲಾಗಿ ಡ್ರಮ್ಮು ಬಿಸಿಯೇರಿದರೆ, ಹೊರಗೆ ನೆಟ್ಟಗಿರುವ ರಬ್ಬರ್ ಹೋಸಿನ ಒಳಪದರ ಉಬ್ಬಿ ಅಥವಾ ಕಿತ್ತು ಗಾಳಿಯ ಮರಳುದಾರಿಯನ್ನು ತಡೆದಿರಬಹುದು. ಒತ್ತಡ ಪೂರ್ಣವಿದ್ದೂ ಬ್ರೇಕು ಹಿಡಿಯದಿದ್ದರೆ ಲೈನರ್ ಸವೆದು ದಂಡದ ಓಟ ಹೆಚ್ಚಾಗಿರಬಹುದು; ಅದು ಸ್ಲ್ಯಾಕ್ ಅಡ್ಜಸ್ಟರಿನ ಕೆಲಸ, ಕೊಳವೆಯದಲ್ಲ. ಹಳೆಯ ಲಾರಿಗಳಲ್ಲಿ ಬ್ರಿಟಿಷ್, ಅಮೆರಿಕನ್, ಮೆಟ್ರಿಕ್ ಮರೆಗಳು ಬೆರೆತಿರುವುದರಿಂದ ಎರಡು ಸುತ್ತು ಸರಾಗವಾಗಿ ಹೋದ ನಟ್ಟು ಮೂರನೆಯದರಲ್ಲಿ ಬಿಗಿಯಾದರೆ ಸ್ಪಾನರಿನ ಬಲ ಹಾಕದೆ ಮರೆಯನ್ನು ಅಳೆದು ನೋಡಬೇಕು. ಟೆಫ್ಲಾನ್ ಟೇಪಿನ ಚೂರುಗಳು ಒಳಸೇರಿದರೆ ವಾಲ್ವಿನ ಸೀಟಿಗೆ ಹೋಗಿ ಕೂರುತ್ತವೆ. ಯಾವ ನಟ್ಟನ್ನಾದರೂ ಬಿಚ್ಚುವ ಮೊದಲು ಟ್ಯಾಂಕನ್ನು ಪೂರ್ತಿ ಖಾಲಿ ಮಾಡುವುದು ಕಡ್ಡಾಯ. ಸ್ಪ್ರಿಂಗ್ ಬ್ರೇಕಿನ ಚೇಂಬರನ್ನು ಮನೆಯಂಗಳದಲ್ಲಿ ಬಿಚ್ಚಲೇಬಾರದು; ಒಳಗೆ ಅದುಮಿಟ್ಟ ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೆ ಎರವಾಗುತ್ತದೆ.

ಕಾಣದ ಕೊಳವೆಯ ಬಗ್ಗೆ ಕಾನೂನು ಏನನ್ನುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹೆಂಡರ್ಸನ್ ವಿರುದ್ಧ ಜೆಂಕಿನ್ಸ್ ಪ್ರಕರಣ ಪ್ರಸಿದ್ಧ ನಿದರ್ಶನ. ಇಳಿಜಾರಿನಲ್ಲಿ ಬ್ರೇಕು ತಪ್ಪಿದ ಲಾರಿಯೊಂದು ಒಬ್ಬ ವ್ಯಕ್ತಿಯನ್ನು ಬಲಿ ತೆಗೆದುಕೊಂಡಿತು. ಕಾರಣ, ತುಕ್ಕು ತಿಂದು ತೂತಾದ ಎಣ್ಣೆ ಬ್ರೇಕಿನ ಕೊಳವೆ. ತುಕ್ಕು ಹಿಡಿದ ಭಾಗವು ಚಾಸಿಯ ಮರೆಯಲ್ಲಿತ್ತು. ಕೊಳವೆಯನ್ನು ಕಳಚದೆ ಅದು ಕಾಣುವಂತಿರಲಿಲ್ಲ. ಕಾಣುವ ಭಾಗವನ್ನು ಕ್ರಮವಾಗಿ ಪರೀಕ್ಷಿಸಿದ್ದೆವು ಎಂಬುದು ಮಾಲೀಕರ ವಾದ. ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ಆ ವಾದವನ್ನು ಸಾಲದೆಂದಿತು. ಆ ಲಾರಿ ಹಿಂದೆ ಏನನ್ನು ಹೊತ್ತಿತ್ತು, ತುಕ್ಕನ್ನು ಹೆಚ್ಚಿಸುವಂಥ ಪರಿಸ್ಥಿತಿಗೆ ಒಳಗಾಗಿತ್ತೇ, ಎಂಬ ಪೂರ್ವಚರಿತ್ರೆಯನ್ನು ನ್ಯಾಯಾಲಯದ ಮುಂದಿಡುವ ಭಾರ ಮಾಲೀಕರದೇ ಆಗಿತ್ತು. ಅದನ್ನು ಅವರು ಇಟ್ಟಿರಲಿಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯವು 1977ರ ಮೀನು ಬಿ. ಮೆಹ್ತಾ ಪ್ರಕರಣದಲ್ಲಿ ಇದೇ ತತ್ತ್ವವನ್ನು ಉಲ್ಲೇಖಿಸಿ, ಯಾಂತ್ರಿಕ ದೋಷದ ನೆಪವೊಡ್ಡುವ ಮಾಲೀಕನೇ ತಾನು ತಕ್ಕ ಎಚ್ಚರಿಕೆ ವಹಿಸಿದ್ದೆನೆಂದೂ ಆದರೂ ದೋಷ ಗುಪ್ತವಾಗಿ ಉಳಿಯಿತೆಂದೂ ಸಾಬೀತುಪಡಿಸಬೇಕೆಂದಿತು. 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮು ತಿಳಿದಿದ್ದ ದೋಷವನ್ನಷ್ಟೇ ಅಲ್ಲ, ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಹಚ್ಚಬಹುದಾಗಿದ್ದ ಅಪಾಯಕಾರಿ ದೋಷವನ್ನೂ ದಂಡನೀಯವಾಗಿಸಿದೆ. ಓಡಿಸಿದವನ ಜೊತೆಗೆ, ಓಡಿಸಲು ಬಿಟ್ಟವನೂ ಅದರ ವ್ಯಾಪ್ತಿಗೆ ಬರುತ್ತಾನೆ.

ಹಳೆಯ ವಾಹನಗಳಿಗೆ ವಿಶೇಷ ನೋಂದಣಿಯಿದೆಯಲ್ಲ ಎಂದು ಕೆಲವರು ಕೇಳಬಹುದು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ ಈ ಅವಕಾಶ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ವಾಹನಗಳಿಗೆ ಮತ್ತು ಕಾರಿನ ವರ್ಗವಾದ ಎಂ1ಕ್ಕೆ ಮಾತ್ರ, ಅದೂ ಸ್ವಂತ ಬಳಕೆಗೆ. ಸರಕು ಲಾರಿ ಆ ವರ್ಗದೊಳಗೆ ಬರುವುದಿಲ್ಲ. ಸಾರಿಗೆ ವಾಹನವಾಗಿ ರಸ್ತೆಗಿಳಿಯಬೇಕಾದರೆ 56ನೆಯ ಕಲಮಿನ ಪ್ರಕಾರ ಸುಸ್ಥಿತಿ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ನೋಂದಣಿಯೇ ಊರ್ಜಿತವೆನಿಸದು. ಇನ್ನೊಂದು ಅಂಶ ಗಮನಾರ್ಹ. ಆ ವಿಶೇಷ ನಿಯಮವೂ ಮೂಲರೂಪ ಕೆಡಬಾರದೆಂದು ಎಣಿಸುವುದು ಚಾಸಿ, ಬಾಡಿ ಮತ್ತು ಎಂಜಿನ್ನಿನ ಮಾರ್ಪಾಟುಗಳನ್ನು. ಬ್ರೇಕಿನ ಕೊಳವೆಯ ಹೆಸರು ಅಲ್ಲಿಲ್ಲ. ಮೂಲ ಕೊಳವೆಯೇ ಇರಲಿ ಎಂಬ ಹಟಕ್ಕೆ ಕಾನೂನಿನ ಬೆಂಬಲವೂ ಇಲ್ಲ, ವಿವೇಕದ ಬೆಂಬಲವೂ ಇಲ್ಲ.

ಹಾಗಾದರೆ ಮಾಡಬೇಕಾದುದು ಸ್ಪಷ್ಟ. ಪೂರ್ವಚರಿತ್ರೆ ಗೊತ್ತಿಲ್ಲದ ಲಾರಿಯ ಪ್ರತಿಯೊಂದು ಗಾಳಿ ಕೊಳವೆಯನ್ನೂ ಹೋಸನ್ನೂ ಪರೀಕ್ಷಿಸಿ ಉಳಿಸಿಕೊಳ್ಳುವ ಬದಲು ಹೊಸದಾಗಿಯೇ ಹಾಕಬೇಕು. ಟ್ಯಾಂಕನ್ನು ನೀರಿನ ಒತ್ತಡದಿಂದ ಪರೀಕ್ಷೆಗೊಳಪಡಿಸಬೇಕು. ಒಂದು ನೋಟುಪುಸ್ತಕದಲ್ಲಿ ಯಾವ ದಿನ ಯಾವ ಕೊಳವೆ ಬದಲಾಯಿತು, ಐದು ನಿಮಿಷದಲ್ಲಿ ಗೇಜು ಎಷ್ಟು ಇಳಿಯಿತು, ಟ್ಯಾಂಕಿನಿಂದ ನೀರು ಎಂದು ಬಸಿಯಲಾಯಿತು ಎಂಬುದನ್ನು ಬರೆದು, ಬಿಲ್ಲುಗಳನ್ನು ಅದರೊಡನೆ ಇಡಬೇಕು. ಮಳೆಗಾಲದಲ್ಲಿ ನೀರು ಬಸಿಯುವುದು ಪ್ರತಿದಿನದ ಕೆಲಸ. ಹೆಂಡರ್ಸನ್ ಪ್ರಕರಣದ ಮಾಲೀಕರ ಬಳಿ ಇಲ್ಲದೆ ಹೋದದ್ದು ಅಂಥ ದಾಖಲೆಯೇ. ಬಣ್ಣದ ಕೆಲಸ ಇವೆಲ್ಲ ಮುಗಿದ ಬಳಿಕ ಆರಂಭವಾಗಲಿ.