ಗಂಬೂಟಿಗೆ ಅಳತೆಯ ಕಾಲಂ ಇಲ್ಲ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ವಾರ ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಟೀ ಕುಡೀತಾ ನಿಂತಿದ್ದೆ. ಪಕ್ಕದಲ್ಲಿದ್ದವರೊಬ್ಬರು, ಓದಿದವರೇ, ಹವಾಯಿ ಚಪ್ಪಲಿಯಲ್ಲಿ ಚರಂಡಿ ಕಸ ಎತ್ತುತ್ತಿದ್ದ ಒಬ್ಬ ಅಕ್ಕನನ್ನು ತೋರಿಸಿ, “ನೋಡಿ ಸಾರ್, ಬೂಟು, ಗ್ಲೌಸು ಎಲ್ಲಾ ಕೊಡ್ತಾರೆ. ಇವರೇ ಹಾಕ್ಕೊಳ್ಳಲ್ಲ. ಆಮೇಲೆ ಕಾಯಿಲೆ ಬಂತು ಅಂತಾರೆ” ಅಂದರು.

ಈ ಮಾತು ನಾನು ನೂರು ಸಲ ಕೇಳಿದ್ದೀನಿ. ಜಗಳ ಆಡಲಿಲ್ಲ, ಸೀದಾ ಹೋಗಿ ಅಕ್ಕನನ್ನೇ ಕೇಳಿದೆ. ತಳ್ಳುಗಾಡಿಯ ಹಿಡಿಗೆ ನೇತುಹಾಕಿದ್ದ ಗಂಬೂಟು ತೋರಿಸಿದರು. ನಂಬರ್ 9. ಅವರ ಕಾಲು 5. “ಮುಂದ್ಗಡೆ ಬಟ್ಟೆ ತುರುಕಿ ಎರಡು ದಿನ ಇಕ್ಕಂಡೆ ಕಣಣ್ಣ. ಕಾಲು ಜಾರಿ ಚರಂಡಿಗೇ ಬಿದ್ದೆ. ಒಳಕ್ಕೆ ನೀರು ಹೋದ್ರೆ ಅದು ಬೂಟಲ್ಲ, ಬಕೀಟು.”

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಚೇರಿಯಲ್ಲಿ ಇಂಡೆಂಟು, ಸ್ಟಾಕ್ ರಿಜಿಸ್ಟರು ಬರೀತಾ ಬಂದವನು. ಸಾಮಾನು ತರಿಸುವ ಕಾಗದ ಹೇಗಿರುತ್ತೆ ಅಂತ ನನಗೆ ಗೊತ್ತು. ‘ಗಂಬೂಟು, ಇಂತಿಷ್ಟು ಜೊತೆ’ ಅಂತ ಇರುತ್ತೆ, ದರ ಇರುತ್ತೆ, ಒಟ್ಟು ಇರುತ್ತೆ. ಕಾಲಿನ ಅಳತೆಗೆ ಕಾಲಂ ಇರಲ್ಲ. ಕಾಲಂ ಇಲ್ಲದ ವಿಷಯವನ್ನು ಯಾರೂ ಕೇಳಲ್ಲ. ಸಾಹೇಬರ ಕುರ್ಚಿ ತರಿಸುವಾಗ ಮಾತ್ರ ಕೈ ಇರೋದಾ ಇಲ್ಲದ್ದಾ, ಚಕ್ರ ಬೇಕಾ ಬೇಡ್ವಾ ಅಂತ ಮೂರು ಸಲ ಫೋನ್ ಬರುತ್ತೆ!

ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. ಇಲಿಜ್ವರದ ರೋಗಾಣು ಇಲಿಯ ಉಚ್ಚೆ ಬೆರೆತ ನೀರಿನಿಂದ, ಕಾಲಿನ ಒಂದು ಸಣ್ಣ ಗೀರಿನ ಮೂಲಕ ಒಳಗೆ ಹೋಗುತ್ತೆ. ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಹೋಗಿ ರಕ್ತ ಹೀರುತ್ತೆ. ಮೊಣಕೈ ತನಕ ಬರುವ ದಪ್ಪ ರಬ್ಬರ್ ಗ್ಲೌಸಿಗೂ ನೂಲಿನ ಗ್ಲೌಸಿಗೂ ಇರುವ ವ್ಯತ್ಯಾಸ ಇಲ್ಲೇ ಇರೋದು. ನೂಲಿನದು ಒದ್ದೆಯಾದರೆ ಕೊಳಚೆಯನ್ನು ದಿನವಿಡೀ ಕೈಗೆ ಕಟ್ಟಿಟ್ಟ ಹಾಗೆ. ಇನ್ನು ಆ ಮಿಂಚುವ ಜಾಕೆಟ್. ಅದು ಲಾರಿಯವನಿಗೆ ಕಾಣಲಿ ಅಂತ ಇರೋದು, ಬೇಕು. ಆದರೆ ರೋಗ ತಡೆಯಲ್ಲ. ಫೋಟೋದಲ್ಲಿ ಕಾಣುತ್ತೆ, ಅದಕ್ಕೇ ಅದು ಎಲ್ಲರಿಗೂ ತಪ್ಪದೆ ಸಿಗುತ್ತೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಸಮವಸ್ತ್ರ, ಜಾಕೆಟ್, ಗ್ಲೌಸು, ರೇನ್‌ಕೋಟು, ತಕ್ಕ ಪಾದರಕ್ಷೆ, ಮಾಸ್ಕು ಎಲ್ಲವೂ ಇದ್ದವು. ‘ತಕ್ಕ’ ಅನ್ನುವ ಪದವೂ ಇತ್ತು.

ನನಗೆ ಇದಕ್ಕಿಂತ ನೋವಿನ ವಿಷಯ ಬೇರೆ. ಆ ಬಟ್ಟೆ ಸಂಜೆ ಎಲ್ಲಿಗೆ ಹೋಗುತ್ತೆ?

ನಮ್ಮಪ್ಪ ಕೆಜಿಎಫ್‌ನಲ್ಲಿ ಲೈನ್ ಮನೆಗಳ ಪಾಯಿಖಾನೆ ಬಾಚುತ್ತಿದ್ದರು. ಗಣಿ ಊರಿನ ಚಿನ್ನದ ಕಥೆ ಎಲ್ಲರಿಗೂ ಗೊತ್ತು. ಒಣ ಪಾಯಿಖಾನೆಯ ಕಥೆ ಬೆಜವಾಡ ವಿಲ್ಸನ್ ಅವರಂಥವರು ಹೊರಗೆ ತರೋ ತನಕ ಯಾರಿಗೂ ಬೇಕಾಗಿರಲಿಲ್ಲ. ಅವರೂ ಇದೇ ಕೆಜಿಎಫ್‌ನ ಅಂಥದ್ದೇ ಮನೆಯಲ್ಲಿ ಹುಟ್ಟಿದವರು. ಅಪ್ಪ ಕೆಲಸ ಮುಗಿಸಿ ಬಂದರೆ ಹೊಸಿಲು ದಾಟುತ್ತಿರಲಿಲ್ಲ. ಹಿತ್ತಲಲ್ಲಿ ಖಾಕಿ ಚಡ್ಡಿ, ಬನಿಯನ್ನು ಬಿಚ್ಚೋರು. ಅಮ್ಮ ಅದನ್ನು ಕೋಲಿನಲ್ಲಿ ಎತ್ತಿ ಬೇರೆ ಬಕೆಟಿಗೆ ಹಾಕಿ, ಬಿಸಿನೀರು ಹುಯ್ದು, ಬರಿಗೈಯಲ್ಲೇ ಉಜ್ಜೋರು. ಅಪ್ಪನಿಗೆ ಕೊಡದ ಗ್ಲೌಸನ್ನು ಅಮ್ಮನಿಗೆ ಯಾರು ಕೊಡ್ತಾರೆ? ನಮ್ಮ ಮನೆಯಲ್ಲಿ ವಾಂತಿಭೇದಿ, ಕಜ್ಜಿ ತಪ್ಪಿದ ವರ್ಷ ನನಗೆ ನೆನಪಿಲ್ಲ. ಶಾಲೆಯಲ್ಲಿ “ನಿಮ್ಮೋರು ಕ್ಲೀನಾಗಿರಲ್ಲ” ಅನ್ನೋರು. ಕ್ಲೀನ್ ಮಾಡೋಕೆ ಅಮ್ಮ ಎಷ್ಟು ಸೋಪು ಸವೆಸಿದರು ಅಂತ ಲೆಕ್ಕ ಇಟ್ಟಿದ್ದರೆ!

ಈಗ 2020 ನೆನಪು ಮಾಡ್ಕೊಳ್ಳಿ. ಕೊರೊನಾ ವಾರ್ಡಿನ ಡಾಕ್ಟರು, ನರ್ಸು ಪಿಪಿಇ ಕಿಟ್ಟನ್ನು ಮನೆಗೆ ಹಾಕ್ಕೊಂಡು ಹೋದರಾ? ಹಾಕೋಕೆ ಒಂದು ರೂಮು, ಬಿಚ್ಚೋಕೆ ಇನ್ನೊಂದು ರೂಮು. ಬಿಚ್ಚುವ ಕ್ರಮ ಗೋಡೆ ಮೇಲೆ ಅಂಟಿಸಿದ್ದರು. ಬಿಚ್ಚಿದ್ದು ಹಳದಿ, ಕೆಂಪು ಚೀಲಗಳಿಗೆ. ಸರಿಯಾಗೇ ಮಾಡಿದರು, ನನಗೆ ತಕರಾರಿಲ್ಲ. ಹಾಕೋದಕ್ಕಿಂತ ಬಿಚ್ಚುವಾಗಲೇ ರೋಗ ಹತ್ತುವ ಅಪಾಯ ಜಾಸ್ತಿ ಅನ್ನೋದು ಆವಾಗ ಇಡೀ ದೇಶಕ್ಕೆ ಗೊತ್ತಾಯ್ತು. ಪೌರಕಾರ್ಮಿಕರಿಗೆ ಮಾತ್ರ ಬಿಚ್ಚುವ ರೂಮು ಬೇಡವೇ? ಬಿಸಿನೀರು, ಸೋಪು, ಒಗೆಯುವ ಮೆಷಿನ್ ಕೆಲಸದ ಜಾಗದಲ್ಲೇ ಇರಬೇಡವೇ? ಹೆಂಗಸರು ಸೀರೆ ಮೇಲೇ ಕೋಟು ಹಾಕ್ಕೊಂಡು ಕೆಲಸ ಮಾಡಿ, ಅದೇ ಸೀರೆಯಲ್ಲಿ ಬಸ್ಸು ಹತ್ತಿ, ಅದೇ ಸೀರೆಯಲ್ಲಿ ಮಗು ಎತ್ತಿಕೊಳ್ಳಬೇಕಾ?

ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಸತ್ತವರ ಬಟ್ಟೆ ಅಂತ ವಿಧಿಸಿತ್ತು. ಯಾರ ಮೈಮೇಲೆ ಯಾವ ಬಟ್ಟೆ ಅನ್ನೋದು ಈ ನೆಲದಲ್ಲಿ ಯಾವತ್ತೂ ಬರೀ ಬಟ್ಟೆಯ ವಿಷಯ ಆಗಿರಲಿಲ್ಲ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು, ನಮ್ಮ ಸಂಗಾತಿಗಳಿಗೇ. “ಸುರಕ್ಷಾ ಉಡುಪು ಕೊಡಿ” ಅಂತ ಘೋಷಣೆ ಕೂಗುವಾಗ ಯಾವ ಕೆಲಸಕ್ಕೆ ಅಂತ ಬಿಡಿಸಿ ಹೇಳಿ. ಮಲ ಬಾಚುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ 2ನೇ ಸೆಕ್ಷನ್ನಿನ ವಿವರಣೆ ಓದಿ. ಸರ್ಕಾರ ಸೂಚಿಸಿದ ಸಲಕರಣೆ, ರಕ್ಷಣಾ ಉಡುಪು ಬಳಸಿ ಮಲ ಶುಚಿ ಮಾಡುವವರನ್ನು ಮಲ ಬಾಚುವವರು ಅಂತ ಪರಿಗಣಿಸಲ್ಲ. ಅಂದ್ರೆ ಏನು? ಗ್ಲೌಸು ಹಾಕಿಸಿದರೆ ಕೆಲಸ ಹಾಗೇ ಉಳಿದು, ಆ ಮನುಷ್ಯ ಮಾತ್ರ ಪಟ್ಟಿಯಿಂದ ಮಾಯ. ಪುನರ್ವಸತಿಯೂ ಮಾಯ. ಅದೇ ಕಾಯ್ದೆಯಲ್ಲಿ ಚರಂಡಿ, ಸೆಪ್ಟಿಕ್ ಗುಂಡಿಯ ‘ಅಪಾಯಕಾರಿ ಶುಚಿತ್ವ’ ಅಂದರೂ ರಕ್ಷಣಾ ಉಡುಪು ಕೊಡದೆ, ಸುರಕ್ಷತೆ ಪಾಲಿಸದೆ ಮಾಡಿಸುವುದು ಅಂತಲೇ ಅರ್ಥ.

ಗುಂಡಿಯೊಳಗಿನ ವಿಷಗಾಳಿಯನ್ನು ಬಟ್ಟೆ ಮಾಸ್ಕು ತಡೆಯಲ್ಲ, ಎನ್-95 ಕೂಡ ತಡೆಯಲ್ಲ. ಕೆಜಿಎಫ್‌ನಲ್ಲೂ ಗುಂಡಿಗೆ ಇಳಿದು ಹೆಣವಾಗಿ ಬಂದವರಿದ್ದಾರೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಗುಂಡಿಗೆ ಉಡುಪು ಬೇಡ, ಮೆಷಿನ್ ಬೇಕು. ಗಣಿಯಲ್ಲೂ ಇದೇ ಪಾಠ. ದೇಶದಲ್ಲಿ ಸಿಲಿಕೋಸಿಸ್ ಮೊದಮೊದಲು ದಾಖಲಾದ ಜಾಗಗಳಲ್ಲಿ ನಮ್ಮ ಕೆಜಿಎಫ್ ಒಂದು. ಮೂಗಿಗೆ ಕಟ್ಟಿದ ಟವೆಲ್ಲು ಆ ಕಲ್ಲಿನ ಪುಡಿಯನ್ನು ತಡೀತಿರಲಿಲ್ಲ. ನೀರು ಬಿಟ್ಟು ಡ್ರಿಲ್ ಮಾಡಬೇಕು, ಒಳಗೆ ಗಾಳಿ ಆಡಬೇಕು. ಮೊದಲು ಅಪಾಯ ತೆಗೀಬೇಕು, ಆಮೇಲೆ ಉಳಿದದ್ದಕ್ಕೆ ಉಡುಪು.

ರಸ್ತೆ, ಚರಂಡಿ ಬದಿ, ಕಸದ ಗಾಡಿಯ ಕೆಲಸಕ್ಕೆ ಉಡುಪು ಬೇಕೇ ಬೇಕು. ಮೈಗೆ ಸರಿಹೋಗುವಂಥದ್ದು, ಹರಿದಾಗ ಬದಲಿಸುವಂಥದ್ದು, ಮನೆಗೆ ಹೋಗದಂಥದ್ದು. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ ಬರುತ್ತೆ, ವೇದಿಕೆ ಮೇಲೆ ಶಾಲು ಹೊದಿಸ್ತಾರೆ. ಶಾಲಿಗೆ ಅಳತೆ ಬೇಕಿಲ್ಲ ನೋಡಿ.

ಬರುವ ಭಾನುವಾರ ಬೆಳಗ್ಗೆ ಆರಕ್ಕೆ ನಾವು ನಾಲ್ಕೈದು ಜನ ಬಂಗಾರಪೇಟೆಯಿಂದ ಶುರು ಮಾಡಿ ಆಂಡರ್ಸನ್‌ಪೇಟೆ ತನಕ ಹೋಗ್ತಿದ್ದೀವಿ, ಒಬ್ಬೊಬ್ಬರ ಕಾಲು, ಕೈ ಅಳತೆ ಬರ್ಕೊಳ್ಳೋಕೆ. ಹೆಸರು ಬೇಡ, ಅಳತೆ ಸಾಕು. ಅದನ್ನೇ ಅರ್ಜಿಗೆ ಲಗತ್ತಿಸಿ ಕೊಡ್ತೀವಿ, ಜೊತೆಗೆ ಕಳೆದ ಮೂರು ವರ್ಷದ ಬೂಟು ಖರೀದಿ ಕಡತಕ್ಕೆ ಆರ್‌ಟಿಐ. ಟೇಪು, ಪುಸ್ತಕ ನನ್ನ ಹತ್ರ ಇದೆ. ಅಕ್ಕಂದಿರ ಹತ್ರ ಮಾತಾಡೋಕೆ ಇಬ್ಬರು ಹೆಣ್ಣುಮಕ್ಕಳು ಬೇಕು. ಬರೋರು ಕಾಮೆಂಟಲ್ಲಿ ಹೇಳಿ.