ಲೆಕ್ಕ ಕೇಳಿ, ದ್ರೋಹಿ ಎನ್ನಬೇಡಿ

2016ರ ನವೆಂಬರ್ 4ರಂದು ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆ ಮುಖಪುಟದಲ್ಲಿ ಮೂವರು ನ್ಯಾಯಾಧೀಶರ ಫೋಟೊ ಹಾಕಿ, ಜೊತೆಗೆ ಪುಟದಗಲದ ಶೀರ್ಷಿಕೆ ಕೊಟ್ಟಿತು: ‘ಜನರ ಶತ್ರುಗಳು’. ಹೀಗೆ ಕರೆಸಿಕೊಂಡವರು ಬೇಹುಗಾರರಲ್ಲ, ಕೊಲೆಗಡುಕರಲ್ಲ. ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಥಾಮಸ್ ಮತ್ತು ಅವರೊಂದಿಗೆ ಪೀಠದಲ್ಲಿದ್ದ ಇಬ್ಬರು. ಹಿಂದಿನ ದಿನ ಅವರು ಮಾಡಿದ ತಪ್ಪೇನು? ಐರೋಪ್ಯ ಒಕ್ಕೂಟವನ್ನು ಬಿಡುವ ನೋಟಿಸನ್ನು ಪ್ರಧಾನಿ ತಾವಾಗಿಯೇ ಕೊಡುವಂತಿಲ್ಲ, ಮೊದಲು ಪಾರ್ಲಿಮೆಂಟಿನ ಒಪ್ಪಿಗೆ ಪಡೆಯಬೇಕು ಎಂದು ತೀರ್ಪು ಕೊಟ್ಟಿದ್ದರು.

ಈ ತೀರ್ಪನ್ನು ಸಾವಧಾನದಿಂದ ನೋಡಿ. ಪ್ರಧಾನಿ ತೆರೇಸಾ ಮೇ ಬಳಸಹೊರಟಿದ್ದು ರಾಜಮನೆತನದ ವಿಶೇಷಾಧಿಕಾರವನ್ನು. ದೊರೆಗಳಿಂದ ಮಂತ್ರಿಗಳ ಕೈಗೆ ದಾಟಿಬಂದ ಆ ಅಧಿಕಾರಕ್ಕೆ ಯಾರೂ ಯಾವತ್ತೂ ಓಟು ಹಾಕಿದ್ದಿಲ್ಲ. ಜನ ಆರಿಸಿ ಕಳಿಸಿದ ಸದಸ್ಯರನ್ನು ಕೇಳಿ ಎಂದದ್ದು ಕೋರ್ಟು. ಆದರೂ ಬೈಗುಳ ತಿಂದದ್ದು ‘ಯಾರೂ ಆರಿಸದ’ ನ್ಯಾಯಾಧೀಶರು! 2017ರ ಜನವರಿ 24ರಂದು ಸುಪ್ರೀಂ ಕೋರ್ಟಿನ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಅದೇ ತೀರ್ಪನ್ನು ಎತ್ತಿಹಿಡಿದರು. ಎಂಟು ದಿನ ಕಳೆಯುವುದರೊಳಗೆ ಕಾಮನ್ಸ್ ಸಭೆ 114ಕ್ಕೆ 498 ಮತಗಳಿಂದ, ನೋಟಿಸಿಗೆ ಅನುಮತಿ ಕೊಡುವ ಮಸೂದೆಯನ್ನು ಮುಂದಕ್ಕೆ ಸಾಗಿಸಿತು. ಬ್ರೆಕ್ಸಿಟ್ ನಿಲ್ಲಲಿಲ್ಲ, ನಿಲ್ಲಿಸಿ ಎಂದು ಕೋರ್ಟೂ ಹೇಳಿರಲಿಲ್ಲ. ಆದರೆ ಆ ನಡುವಿನ ವಾರಗಳಲ್ಲಿ ಲಾರ್ಡ್ ಥಾಮಸ್ ತಮ್ಮ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ರಕ್ಷಣೆಯ ವಿಚಾರವಾಗಿ ಪೊಲೀಸರ ಸಲಹೆ ಕೇಳಬೇಕಾಯಿತು. ನ್ಯಾಯಾಂಗದ ಪರ ನಿಲ್ಲುವೆನೆಂದು ಪ್ರಮಾಣ ಮಾಡಿದ್ದ ಮಂತ್ರಿ ಲಿಜ್ ಟ್ರಸ್, ತಡವಾಗಿ ಚುಟುಕು ಹೇಳಿಕೆ ಕೊಟ್ಟು ಕೈತೊಳೆದುಕೊಂಡರು. ಮೊಕದ್ದಮೆ ಹೂಡಿದ ಜಿನಾ ಮಿಲ್ಲರ್ ಗಯಾನಾದಲ್ಲಿ ಹುಟ್ಟಿದ, ಭಾರತೀಯ ಮೂಲದ ಹೆಣ್ಣುಮಗಳು. ಅವರ ಮೇಲೆ ಕಾರು ಹತ್ತಿಸಿದವರಿಗೆ 5,000 ಪೌಂಡ್ ಕೊಡುತ್ತೇನೆಂದು ಫೇಸ್‌ಬುಕ್ಕಿನಲ್ಲಿ ಬರೆದು ಹನ್ನೆರಡು ವಾರ ಜೈಲುಶಿಕ್ಷೆಗೆ ಗುರಿಯಾದವನು ಬೀದಿಪುಂಡನಲ್ಲ, ವಂಶಪಾರಂಪರ್ಯದ ಲಾರ್ಡ್ ಪದವಿಯವನು. ಅವನನ್ನು ಯಾರು ಆರಿಸಿದ್ದರು ಎಂದು ಯಾವ ಪತ್ರಿಕೆಯೂ ಮುಖಪುಟದಲ್ಲಿ ಕೇಳಲಿಲ್ಲ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ, ಇದು ಅವರ ಮನೆಜಗಳ, ನಮಗೇಕೆ ಎನ್ನುವಂತಿಲ್ಲ. ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು 2016ರ ಜೂನ್ 23ರಂದು ನಡೆದ ಓಟಿನಲ್ಲಿ ನಿಮಗೂ ಪಾಲಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ದುಡಿದು ತೆರಿಗೆ ಕಟ್ಟಿದ ಪೋಲೆಂಡಿನವನಿಗೆ, ಫ್ರಾನ್ಸಿನವಳಿಗೆ ಆ ದಿನ ಓಟಿರಲಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ವೀಸಾದ ಮೇಲೆ ಬಂದಿದ್ದ ಸಾಫ್ಟ್‌ವೇರ್ ಹುಡುಗನಿಗೆ ಇತ್ತು. ಕಾಮನ್‌ವೆಲ್ತ್ ಪ್ರಜೆ ಎಂಬ ಹಳೆಯ ನಂಟು ಕೊಟ್ಟ ಹಕ್ಕು ಅದು. ನೀವು ಯಾವ ಕಡೆ ಮುದ್ರೆ ಒತ್ತಿದಿರೆಂದು ನಾನು ಕೇಳುವುದಿಲ್ಲ. ಆ ಓಟಿನ ನಂತರ ಎದ್ದ ದ್ವೇಷಕ್ಕೆ ನೀವು ಬಾಯಿ ಕೊಟ್ಟಿರೋ, ಕಿವಿ ಮುಚ್ಚಿಕೊಂಡಿರೋ, ತಡೆದು ಮಾತಾಡಿದಿರೋ ಎಂದು ಮಾತ್ರ ಕೇಳುತ್ತೇನೆ.

ಸಿಟ್ಟು ಸುಳ್ಳೆಂದು ನಾನು ಹೇಳಲಾರೆ. ಬಿಡೋಣ ಎಂದು ಮತ ಹಾಕಿದವರು 1 ಕೋಟಿ 74 ಲಕ್ಷ ಮಂದಿ, ನೂರಕ್ಕೆ 51.9. ಹಡಗು ಕಟ್ಟುವ ಕೆಲಸ ನಿಂತುಹೋದ ಸಂಡರ್‌ಲ್ಯಾಂಡಿನಂಥ ಊರಿನಲ್ಲಿ ಆ ಪ್ರಮಾಣ 61 ದಾಟಿತ್ತು. ಅವರಿಗೆ ಬ್ರಸೆಲ್ಸಿನ ಐರೋಪ್ಯ ಆಯೋಗದವರ ಹೆಸರೂ ತಿಳಿದಿರಲಿಲ್ಲ, ಅವರನ್ನು ಇಳಿಸುವ ದಾರಿಯೂ ಕಾಣುತ್ತಿರಲಿಲ್ಲ. ಆಯೋಗಕ್ಕೆ ಜನ ಆರಿಸಿದ ಐರೋಪ್ಯ ಪಾರ್ಲಿಮೆಂಟಿನ ಒಪ್ಪಿಗೆ ಬೇಕೆಂಬುದು ಕಾಗದದ ಮೇಲಿನ ಸತ್ಯ. ಸಂಡರ್‌ಲ್ಯಾಂಡಿನ ಬೀದಿಯಲ್ಲಿ ನಿಂತವನಿಗೆ ಅದು ಏಳು ಸಮುದ್ರದಾಚೆಯ ಮಾತು.

ಮನೆಯೊಳಗಿನ ಅಧಿಕಾರಿಗಳೂ ಹಾಲಿನಲ್ಲಿ ತೊಳೆದವರಲ್ಲ. ಬ್ರಿಟಿಷ್ ಪೋಸ್ಟ್ ಆಫೀಸಿನ ‘ಹೊರೈಜನ್’ ತಂತ್ರಾಂಶದ ಕಥೆ ನಿಮಗೆ ಗೊತ್ತು. ಮೂಲೆಯಂಗಡಿಯಲ್ಲಿ ಅಂಚೆ ಕೌಂಟರು ನಡೆಸುತ್ತಿದ್ದವರು ರಾತ್ರಿ ಲೆಕ್ಕ ಮುಗಿಸಲು ಕೂತರೆ ಕಂಪ್ಯೂಟರು ಸಾವಿರಾರು ಪೌಂಡಿನ ಕೊರತೆ ತೋರಿಸುತ್ತಿತ್ತು. ಸಹಾಯವಾಣಿಗೆ ಫೋನು ಮಾಡಿದರೆ ‘ಹೀಗಾಗಿರುವುದು ನಿಮಗೊಬ್ಬರಿಗೇ’ ಎಂಬ ಉತ್ತರ. ಮನೆ ಅಡವಿಟ್ಟು ತುಂಬಿದರು, ಊರವರ ಕಣ್ಣಲ್ಲಿ ಕಳ್ಳರಾದರು. 1999ರಿಂದ 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ದಕ್ಷಿಣ ಏಷ್ಯಾ ಮೂಲದ ಅಂಗಡಿಯವರು ಅವರಲ್ಲಿ ಬಹಳ. ಬಸುರಿ ಹೆಂಗಸೊಬ್ಬಳೂ ಜೈಲು ಸೇರಿದಳು. ಮೇಲಿನವರು ತಮ್ಮ ಯಂತ್ರ ಸರಿಯಾಗಿದೆ ಎಂದೇ ವಾದಿಸಿದರು. ಇದಕ್ಕೆ ಹೊಟ್ಟೆ ಉರಿಯದಿದ್ದರೆ ಅದು ಹೊಟ್ಟೆಯೇ ಅಲ್ಲ. ಆದರೆ ಆ ಗಂಟು ಬಿಚ್ಚಿಕೊಂಡ ಬಗೆಯನ್ನೂ ನೋಡಿ. ನೊಂದವರೇ ಒಂದಾಗಿ ದಾಖಲೆ ಕೂಡಿಸಿದರು, ಕೆಲವು ಪತ್ರಕರ್ತರು ಬೆನ್ನುಬಿಡದೆ ಬರೆದರು, 2019ರ ಡಿಸೆಂಬರಿನಲ್ಲಿ ಹೈಕೋರ್ಟಿನ ನ್ಯಾಯಾಧೀಶರೊಬ್ಬರು ತಂತ್ರಾಂಶದ ದೋಷವನ್ನು ಸಾಲುಸಾಲಾಗಿ ಬರೆದಿಟ್ಟರು. ಆ ನ್ಯಾಯಾಧೀಶರಿಗೂ ಯಾರೂ ಓಟು ಹಾಕಿರಲಿಲ್ಲ. ಅಷ್ಟೂ ವರ್ಷ ಅಂಚೆ ಖಾತೆಯ ಮಂತ್ರಿಗಳಾಗಿ ಬಂದುಹೋದವರಲ್ಲಿ ಹೆಚ್ಚಿನವರು ಓಟು ಪಡೆದವರೇ.

ಬ್ರಸೆಲ್ಸಿನ ಮೇಲಿನ ಹಗೆಯಲ್ಲಿ ಅರ್ಧದಷ್ಟನ್ನು ಬೆಳೆಸಿದ್ದು ಗೆದ್ದು ಬಂದ ರಾಜಕಾರಣಿಗಳೇ. ಒಕ್ಕೂಟದ ಕಾನೂನಿನ ಕರಡನ್ನು ಆಯೋಗ ಬರೆಯುತ್ತಿತ್ತು, ಸರಿ. ಅದಕ್ಕೆ ಒಪ್ಪಿಗೆ ಬೀಳುತ್ತಿದ್ದದ್ದು ಮಂತ್ರಿಗಳ ಮಂಡಳಿಯಲ್ಲಿ. ಅಲ್ಲಿ ಬ್ರಿಟನ್ನಿನ ಮಂತ್ರಿಯೂ ಕೂರುತ್ತಿದ್ದರು, ಮತ ಹಾಕುತ್ತಿದ್ದರು. ಒಳಗೆ ಕೈಯೆತ್ತಿ ಒಪ್ಪಿ, ಊರಿಗೆ ಬಂದು ‘ನಾವೇನು ಮಾಡೋಣ, ಬ್ರಸೆಲ್ಸಿನವರ ಹೇರಿಕೆ’ ಎಂದು ಕೈಚೆಲ್ಲುವುದು ಎರಡೂ ಪಕ್ಷಗಳಿಗೆ ರೂಢಿಯಾಗಿತ್ತು. ಬಾಳೆಹಣ್ಣಿನ ಕಥೆಯನ್ನೇ ತೆಗೆದುಕೊಳ್ಳಿ. 1994ರಲ್ಲಿ ಬಂದ ನಿಯಮವೊಂದು ಹಣ್ಣುಗಳನ್ನು ದರ್ಜೆವಾರು ವಿಂಗಡಿಸಿತು. ಅತಿಯಾಗಿ ಸೊಟ್ಟಗಿರಬಾರದು ಎಂಬುದು ಅದರೊಳಗಿನ ಒಂದು ಮಾತು. ನಮ್ಮ ಮಂಡಿ ವ್ಯಾಪಾರಿ ಏಲಕ್ಕಿ ಬಾಳೆಯ ಗೊನೆ ನೋಡಿ ದರ ಕಟ್ಟುವಾಗ ಮಾಡುವುದೂ ಇದನ್ನೇ. ಪತ್ರಿಕೆಗಳಲ್ಲಿ ಅದು ‘ಡೊಂಕು ಬಾಳೆಹಣ್ಣಿಗೆ ನಿಷೇಧ’ವಾಗಿ ಇಪ್ಪತ್ತು ವರ್ಷ ಬಾಳಿತು. ಬ್ರಸೆಲ್ಸನ್ನು ಹೀಗೆ ನಗೆಪಾಟಲು ಮಾಡುವ ಬರಹವನ್ನು ಒಂದು ಕಸುಬಾಗಿ ಬೆಳೆಸಿದವರಲ್ಲಿ ‘ಡೈಲಿ ಟೆಲಿಗ್ರಾಫ್’ನ ಅಲ್ಲಿನ ವರದಿಗಾರ ಬೋರಿಸ್ ಜಾನ್ಸನ್ ಪ್ರಮುಖರು. ಆಮೇಲೆ ಅವರೇ ಪ್ರಧಾನಿಯಾದರು, ಅದೂ ಸುಮಾರು 92 ಸಾವಿರ ಪಕ್ಷಸದಸ್ಯರ ಓಟಿನಿಂದ. ಅವರ ಬಲಗೈಯಾಗಿದ್ದ ಡಾಮಿನಿಕ್ ಕಮಿಂಗ್ಸ್ ಯಾವ ಚುನಾವಣೆಗೂ ನಿಂತವರಲ್ಲ. ಒಪ್ಪಂದದ ಮಾತುಕತೆ ನಡೆಸಿದ ಡೇವಿಡ್ ಫ್ರಾಸ್ಟ್ ಲಾರ್ಡ್ ಆಗಿ ಮೇಲ್ಮನೆ ಸೇರಿ, 2021ರಲ್ಲಿ ಸಂಪುಟದೊಳಕ್ಕೇ ಬಂದರು. ಅವರಿಗೂ ಒಂದು ಓಟೂ ಬಿದ್ದಿರಲಿಲ್ಲ. ‘ನಿಮ್ಮನ್ನು ಆರಿಸಿದವರು ಯಾರು’ ಎಂಬ ಪ್ರಶ್ನೆ ಕೇಳುವವರ ಬೆನ್ನಹಿಂದೆಯೇ ನಿಂತಿತ್ತು.

ಓಟಿನ ನಂತರ ಕೆಲಸ ಕಷ್ಟವಾಯಿತು. ಕಷ್ಟ ಎಂದು ಹೇಳಿದವರನ್ನು ಬಡಿಯುವುದು ಸುಲಭವಾಯಿತು. ಬ್ರಸೆಲ್ಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಐವನ್ ರೋಜರ್ಸ್, ವ್ಯಾಪಾರ ಒಪ್ಪಂದಕ್ಕೆ ಹತ್ತು ವರ್ಷವೂ ಹಿಡಿಯಬಹುದೆಂದು ಅಲ್ಲಿನವರು ಭಾವಿಸಿದ್ದಾರೆ ಎಂದು ಪ್ರಧಾನಿಗೆ ತಿಳಿಸಿದರು. ಕೇಳಿದ್ದನ್ನು ಕೇಳಿದಂತೆ ತಿಳಿಸುವುದು ರಾಯಭಾರಿಯ ಕೆಲಸ. ಅಪಶಕುನ ನುಡಿಯುವವ ಎನಿಸಿಕೊಂಡು 2017ರ ಜನವರಿ ಮೊದಲ ವಾರದಲ್ಲೇ ಅವರು ರಾಜೀನಾಮೆ ಕೊಟ್ಟರು. ಮರುವರ್ಷ ಬ್ರೆಕ್ಸಿಟ್ ಖಾತೆಯನ್ನೇ ಹೊತ್ತಿದ್ದ ಡಾಮಿನಿಕ್ ರಾಬ್, ದೇಶದ ವ್ಯಾಪಾರ ಡೋವರ್-ಕ್ಯಾಲೆ ದಾರಿಯನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆ ಎಂಬುದು ತಮಗೆ ಪೂರ್ತಿ ತಿಳಿದಿರಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಮುಂದೆ 2023ರಲ್ಲಿ, ಕೈಕೆಳಗಿನವರನ್ನು ಗದರಿಸಿ ನಡೆಸಿಕೊಂಡರೆಂಬ ವಿಚಾರಣೆಯ ವರದಿ ಬಂದಾಗ ಕುರ್ಚಿ ಬಿಟ್ಟ ಅವರೇ, ಚಳವಳಿಗಾರ ಮನಸ್ಸಿನ ಅಧಿಕಾರಿಗಳ ಮೇಲೆ ದೂರು ಹೊರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2022ರ ಏಪ್ರಿಲಿನಲ್ಲಿ ಮಂತ್ರಿ ಜೇಕಬ್ ರೀಸ್-ಮಾಗ್ ಸರ್ಕಾರಿ ಕಚೇರಿಯೊಂದರಲ್ಲಿ ಅಡ್ಡಾಡಿ, ಖಾಲಿ ಮೇಜುಗಳ ಮೇಲೆ ಅಚ್ಚು ಹಾಕಿಸಿದ ಚೀಟಿ ಇಟ್ಟುಹೋದರು: ನಾನು ಬಂದಾಗ ನೀವಿರಲಿಲ್ಲ, ಬೇಗ ಕಚೇರಿಯಲ್ಲಿ ಕಾಣುವ ಆಸೆಯಿದೆ. ಮಂತ್ರಿಗೆ ಅಷ್ಟು ಬಿಡುವಿತ್ತೆಂಬುದೇ ನನಗೆ ಸೋಜಿಗ. ಆ ಮೇಜಿನವರು ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರೋ, ರಜೆಯಲ್ಲಿದ್ದರೋ, ಮಹಡಿಯ ಮೇಲಿನ ಸಭೆಯಲ್ಲಿದ್ದರೋ, ಚೀಟಿ ಕೇಳಲಿಲ್ಲ. ಉತ್ತರ ಬರೆಯೋಣವೆಂದರೆ ನೌಕರರ ಕೈ ಕಟ್ಟಿಹಾಕಲಾಗಿದೆ. ನೀತಿಸಂಹಿತೆಯ ಪ್ರಕಾರ ಅವರು ಮಂತ್ರಿಯ ವಿರುದ್ಧ ಪತ್ರಿಕೆಗೆ ಬರೆಯುವಂತಿಲ್ಲ, ವೇದಿಕೆ ಹತ್ತುವಂತಿಲ್ಲ. ತಿರುಗಿ ಮಾತಾಡಲಾಗದವನ ಮುಖಕ್ಕೆ ಉಗಿಯುವುದನ್ನು ಧೈರ್ಯವೆಂದು ಯಾವ ಊರಿನಲ್ಲೂ ಕರೆಯುವುದಿಲ್ಲ.

ಪರೀಕ್ಷೆ ಬರೆದು ಬಂದು, ಸರ್ಕಾರ ಬದಲಾದರೂ ಉಳಿಯುವ ಈ ನೌಕರಶಾಹಿಯ ಕಲ್ಪನೆ ಹುಟ್ಟಿದ್ದೇ ದೊಡ್ಡಮನೆಗಳ ದರ್ಬಾರಿಗೆ ಕಡಿವಾಣ ಹಾಕಲು. ಲಾರ್ಡುಗಳು ತಮ್ಮ ಅಳಿಯಂದಿರನ್ನು, ತಂಗಿಯ ಮಕ್ಕಳನ್ನು ಹುದ್ದೆಗೆ ತುಂಬುತ್ತಿದ್ದ ಕಾಲದಲ್ಲಿ, 1854ರಲ್ಲಿ, ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ ವರದಿ ಕೊಟ್ಟರು. ಟ್ರೆವೆಲ್ಯನ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಭಾರತದಲ್ಲಿ ಪಳಗಿದವರು. ನಮ್ಮ ಐಎಎಸ್ ಪರೀಕ್ಷೆಯ ಬೇರೂ ಆ ದಶಕದ್ದೇ. ಆ ವ್ಯವಸ್ಥೆಯನ್ನು ಕೆಡವಿದರೆ ಖಾಲಿಯಾದ ಕುರ್ಚಿಗೆ ಜನಸಾಮಾನ್ಯ ಬಂದು ಕೂರುತ್ತಾನೆಯೇ? ಒಕ್ಕೂಟ ಬಿಡಲು ಹೊರಟ ಮೇಲೆ ಆದದ್ದನ್ನೇ ನೋಡಿ. 2018ರ ನಿರ್ಗಮನ ಕಾಯ್ದೆ, ಪಾರ್ಲಿಮೆಂಟಿನಲ್ಲಿ ಸರಿಯಾದ ಚರ್ಚೆಯೇ ಇಲ್ಲದೆ ಕಾನೂನು ತಿದ್ದುವ ಅಧಿಕಾರವನ್ನು ಮಂತ್ರಿಗಳ ಕೈಗಿಟ್ಟಿತು. ಬ್ರಸೆಲ್ಸ್ ಮಾಡುತ್ತಿದ್ದ ಕೆಲಸವೆಲ್ಲ ಮನೆಗೆ ಬಂತು. 2016ರಲ್ಲಿ 3 ಲಕ್ಷ 84 ಸಾವಿರದಷ್ಟಿದ್ದ ಸರ್ಕಾರಿ ಅಧಿಕಾರಿಗಳ ಸಂಖ್ಯೆ 2024ರ ಹೊತ್ತಿಗೆ 5 ಲಕ್ಷ ದಾಟಿತು. ಹಿಡಿತ ಮರಳಿ ಬಂದದ್ದು ಯಾರ ಕೈಗೆ?

ಲಂಡನ್ನಿನ ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಮೇಲೆ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ, 2015ರಿಂದ ಬಸವಣ್ಣನವರ ಪುತ್ಥಳಿಯಿದೆ. ಪ್ರತಿವರ್ಷ ನೀವು ಹಾರ ಹಾಕಿ ಪ್ರಜಾಪ್ರಭುತ್ವದ ಭಾಷಣ ಮಾಡುತ್ತೀರಿ. ಅವರು ಬಿಜ್ಜಳನ ಭಂಡಾರಿ, ಓಟಿನಿಂದ ಬಂದವರಲ್ಲ. ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ದೊರೆಯ ಕಿವಿ ಊದಿದಾಗ, ಬಸವಣ್ಣನವರು ಲೆಕ್ಕ ಒಪ್ಪಿಸಿದರು, ಒಂದು ಕಾಸೂ ಕಡಿಮೆ ಬೀಳಲಿಲ್ಲ ಎಂದು ನಮ್ಮ ಪುರಾಣಗಳು ಹೇಳುತ್ತವೆ. ಅಧಿಕಾರಿಯಿಂದ ಕೇಳಬೇಕಾದದ್ದು ಅದನ್ನೇ, ಲೆಕ್ಕವನ್ನು. ಗಟ್ಟಿಯಾಗಿ ಕೇಳಿ. ಕಡತ ತೆರೆಸಿ, ವಿಚಾರಣೆಗೆ ಕೂರಿಸಿ, ತಪ್ಪಿದ್ದರೆ ಮನೆಗೆ ಕಳಿಸಿ. ಕೊಂಡೆಯರ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ.

ದ್ರೋಹಿ ಎಂಬ ಪಟ್ಟ ಚುನಾಯಿತರಲ್ಲದವರಿಗೆ ಮಾತ್ರ ಅಂಟುವುದಿಲ್ಲ. 2016ರ ಜೂನ್ 16ರಂದು, ಓಟಿಗೆ ಒಂದೇ ವಾರ ಇರುವಾಗ, ಯಾರ್ಕ್‌ಷೈರಿನ ಬರ್ಸ್ಟಲ್ ಎಂಬ ಸಣ್ಣ ಊರಿನ ಗ್ರಂಥಾಲಯದ ಹೊರಗೆ ಜೋ ಕಾಕ್ಸ್ ಅವರನ್ನು ಕೊಂದರು. ಅವರು ಗೆದ್ದು ಬಂದ ಸಂಸದೆ, ಎರಡು ಮಕ್ಕಳ ತಾಯಿ. ಕ್ಷೇತ್ರದ ಜನರ ಅಹವಾಲು ಕೇಳಲು ಬಂದಿದ್ದರು. ಕೋರ್ಟಿನಲ್ಲಿ ಹೆಸರು ಕೇಳಿದಾಗ ಕೊಲೆಗಾರ ‘ದ್ರೋಹಿಗಳಿಗೆ ಸಾವು’ ಎಂದ. ಮೂರು ವರ್ಷ ತುಂಬುವ ಮುನ್ನವೇ, 2019ರ ಮಾರ್ಚಿನಲ್ಲಿ, ಪ್ರಧಾನಿ ಮೇ ಟಿವಿಯಲ್ಲಿ ಬಂದು ನಾನು ಜನರ ಕಡೆಯವಳು, ತಡೆದು ಕೂತಿರುವುದು ಸಂಸದರು ಎಂಬ ಧಾಟಿಯಲ್ಲಿ ಮಾತಾಡಿದರು. ನ್ಯಾಯಾಧೀಶರಿಂದ ಶುರುವಾದ ಬೆರಳು ಅಧಿಕಾರಿಗಳನ್ನು ದಾಟಿ ಓಟು ಪಡೆದವರ ಮೇಲೇ ತಿರುಗಿತ್ತು.

ನಿಮ್ಮಲ್ಲಿ ಎಷ್ಟೋ ಮಂದಿ ಎನ್‌ಎಚ್‌ಎಸ್ ವೈದ್ಯರು, ಕೌನ್ಸಿಲ್ ನೌಕರರು. ನೀವೂ ಆಯ್ಕೆಯಾದವರಲ್ಲ, ನೇಮಕವಾದವರು. ಯುಗಾದಿಯ ಊಟದ ಪಂಕ್ತಿಯಲ್ಲಿ ಪಕ್ಕದವರು ‘ಈ ಅಧಿಕಾರಿಗಳೇ ದೇಶದ್ರೋಹಿಗಳು’ ಎಂದಾಗ ಹೋಳಿಗೆಗೆ ತುಪ್ಪ ಬಡಿಸಿಕೊಂಡು ಸುಮ್ಮನಾಗಬೇಡಿ. ಯಾವ ಅಧಿಕಾರಿ, ಯಾವ ಆದೇಶ, ಸಹಿ ಯಾವ ಮಂತ್ರಿಯದು ಎಂದು ಅಲ್ಲೇ ಕೇಳಿ. ನಿಮ್ಮ ಕ್ಷೇತ್ರದ ಸಂಸದರು ಶುಕ್ರವಾರವೋ ಶನಿವಾರವೋ ಜನರ ಅಹವಾಲಿಗೆಂದು ಕೂರುತ್ತಾರೆ. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಿ. ಅವರು ಯಾವ ದಿನ ಯಾವ ಮಸೂದೆಗೆ ಯಾವ ಕಡೆ ಮತ ಹಾಕಿದರೆಂಬುದು ಪಾರ್ಲಿಮೆಂಟಿನ ‘ಹ್ಯಾನ್ಸರ್ಡ್’ ದಾಖಲೆಯಲ್ಲಿ ಹೆಸರು ಸಮೇತ ಅಚ್ಚಾಗಿದೆ. ಆ ಪುಟವನ್ನು ಪ್ರಿಂಟ್ ತೆಗೆದು ಅವರ ಮುಂದಿಟ್ಟು, ಉತ್ತರ ಬರುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.