ನಾರ್ವೆಗೆ ನಮ್ಮ ಕಡಲಲ್ಲಿ ಏನು ಕೆಲಸ?

2025ರ ಅಕ್ಟೋಬರ್ 5ರಿಂದ 12ರವರೆಗೆ ನಮ್ಮ ಪಶ್ಚಿಮ ಕರಾವಳಿಯಾಚೆ ಭಾರತ ಮತ್ತು ಬ್ರಿಟನ್ ನೌಕಾಪಡೆಗಳ ‘ಕೊಂಕಣ’ ಕವಾಯತು ನಡೆಯಿತು. ಐಎನ್‌ಎಸ್ ವಿಕ್ರಾಂತ್ ಮತ್ತು ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್ ಎಂಬ ಎರಡು ವಿಮಾನವಾಹಕ ನೌಕೆಗಳು ಒಟ್ಟಿಗೆ ಸಾಗಿದ್ದೇ ಸುದ್ದಿಯಾಯಿತು. ಬ್ರಿಟಿಷ್ ಪಡೆಯ ಜೊತೆ ನಾರ್ವೆಯೂ ಇತ್ತು ಎಂಬುದು ನಾನು ಓದಿದ ವರದಿಗಳಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗಿತ್ತು. ಅದಕ್ಕೆ ನಾಲ್ಕು ದಿನ ಮೊದಲು, ಅಕ್ಟೋಬರ್ 1ರಂದು, ನಾರ್ವೆ, ಸ್ವಿಟ್ಜರ್ಲೆಂಡ್, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್‌ಗಳ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತ್ತು. 15 ವರ್ಷಗಳಲ್ಲಿ 10,000 ಕೋಟಿ ಡಾಲರ್ ಹೂಡಿಕೆ ಅದರ ಗುರಿ.

ಸುಮಾರು 55 ಲಕ್ಷ ಜನರ, ಉತ್ತರ ಧ್ರುವದ ಪಕ್ಕದ ದೇಶವೊಂದಕ್ಕೆ ಇಷ್ಟು ದೂರದ ಸಮುದ್ರದಲ್ಲಿ ಏನು ಕೆಲಸ? ಇಂಗ್ಲಿಷಿನಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ನಾವು ಅನುವಾದಕರು ಅದನ್ನು ‘ವ್ಯೂಹಾತ್ಮಕ ಹಿತಾಸಕ್ತಿ’ ಎಂದು ಕನ್ನಡಕ್ಕೆ ಇಳಿಸುತ್ತೇವೆ. ಈ ಪದದ ಬಗ್ಗೆ ನನ್ನ ತಕರಾರಿದೆ. ನ್ಯಾಯಾಲಯದಲ್ಲಿ ‘ಸಾರ್ವಜನಿಕ ಹಿತಾಸಕ್ತಿ’ ಅರ್ಜಿ ಹಾಕುವಾಗ ಅದು ಒಳ್ಳೆಯದು. ‘ಪಟ್ಟಭದ್ರ ಹಿತಾಸಕ್ತಿ’ ಎಂದಾಗ ಕೆಟ್ಟದ್ದು. ದೇಶಗಳ ಹೆಸರಿನ ಪಕ್ಕ ಬಂದಾಗ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಓದುಗ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಯಾರಿಗೆ ಏನು ಬೇಕಾಗಿದೆ ಎಂಬುದು ಮರೆಯಾಗುತ್ತದೆ.

ನಾನಿರುವ ಪುಣೆಯ ಬಿಬವೇವಾಡಿಯಲ್ಲಿ ‘ಗರಜ್’ ಎಂಬ ಮರಾಠಿ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬೆಳಗಾವಿ, ಧಾರವಾಡದ ಕನ್ನಡದಲ್ಲೂ ಅದು ‘ಗರಜು’ ಆಗಿ ಬಳಕೆಯಲ್ಲಿದೆ. ಅರಬ್ಬಿ ಸಮುದ್ರದಲ್ಲಿ ನಾರ್ವೆಗೆ ಗರಜಿದೆ ಎಂದು ಹೇಳಿ ನೋಡಿ. ಯಾರ ಗರಜು, ಎಷ್ಟು ಗರಜು, ಅದಕ್ಕೆ ಬದಲಾಗಿ ನಮಗೇನು ಎಂದು ಕೂಡಲೇ ಕೇಳಬೇಕೆನಿಸುತ್ತದೆ.

ನಾರ್ವೆಯ ಗರಜು ಗುಟ್ಟಿನದೇನಲ್ಲ. ತೈಲ, ಅನಿಲ, ಮೀನು, ಹಡಗು: ಅದರ ಬದುಕೇ ಕಡಲಿನದು. 2023ರ ಡಿಸೆಂಬರ್‌ನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಹೌತಿಗಳ ಕ್ಷಿಪಣಿ ಬಡಿದದ್ದು ನಾರ್ವೆಯ ಧ್ವಜ ಹೊತ್ತ ‘ಸ್ಟ್ರಿಂಡಾ’ ಟ್ಯಾಂಕರಿಗೆ. ಮಲೇಷ್ಯಾದಿಂದ ಇಟಲಿಗೆ ಹೊರಟಿದ್ದ ಆ ಹಡಗಿನಲ್ಲಿ 22 ಸಿಬ್ಬಂದಿ ಇದ್ದರು. ಎಲ್ಲರೂ ಭಾರತೀಯರು. ಪ್ರಾಣಹಾನಿ ಆಗಲಿಲ್ಲ. ಧ್ವಜ ನಾರ್ವೆಯದು, ಬೆಂಕಿಯೆದುರು ನಿಂತವರು ನಮ್ಮವರು. ಈ ಸಮುದ್ರಮಾರ್ಗ ಸುರಕ್ಷಿತವಾಗಿರಲಿ ಎಂಬುದು ಓಸ್ಲೋದ ಹಡಗು ಮಾಲೀಕನ ಗರಜು ಹೌದು. ಆ ನಾವಿಕರ ಮನೆಯವರ ಗರಜೂ ಹೌದು. ಹಾಗಾಗಿ ವಿದೇಶಿ ನೌಕೆ ಕಂಡ ಕೂಡಲೇ ಈಸ್ಟ್ ಇಂಡಿಯಾ ಕಂಪನಿಯನ್ನು ನೆನೆಯುವವರ ಜೊತೆ ನಾನಿಲ್ಲ.

ಆದರೆ ಗರಜುಗಳು ಎಲ್ಲ ಕಡೆಯೂ ಹೀಗೆ ಕೂಡಿಬರುವುದಿಲ್ಲ. ನಾರ್ವೆ ನಮ್ಮ ಕರಾವಳಿಗೆ ಬಂದದ್ದು ಇದೇ ಮೊದಲಲ್ಲ. 1952ರಲ್ಲಿ ವಿಶ್ವಸಂಸ್ಥೆ, ಭಾರತ, ನಾರ್ವೆ ಸೇರಿ ಮಾಡಿಕೊಂಡ ಒಪ್ಪಂದದಿಂದ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಮೀನುಗಾರಿಕೆ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. ಆಸ್ಪತ್ರೆ, ಕುಡಿಯುವ ನೀರು, ಐಸ್ ಘಟಕ, ಯಂತ್ರದ ದೋಣಿ ಎಲ್ಲ ಬಂದವು. ನಾರ್ವೆಯ ಜನಸಾಮಾನ್ಯರೂ ಅದಕ್ಕೆ ಚಂದಾ ಎತ್ತಿದ್ದರು. ಜೊತೆಗೆ ಅಲ್ಲಿನ ಸರ್ಕಾರಕ್ಕೂ ಒಂದು ಗರಜಿತ್ತು. 1949ರಲ್ಲಿ ನೇಟೋ ಸೇರಿ ಸೇನೆಗೆ ಹಣ ಸುರಿಯುತ್ತಿದ್ದ ಲೇಬರ್ ಪಕ್ಷಕ್ಕೆ, ತನ್ನದೇ ಎಡಪಂಥೀಯರನ್ನು ಸಮಾಧಾನಪಡಿಸಲು ಶಾಂತಿಯ ಕೆಲಸವೊಂದು ಬೇಕಾಗಿತ್ತು ಎಂದು ನಾರ್ವೆಯ ಇತಿಹಾಸಕಾರರೇ ಬರೆದಿದ್ದಾರೆ.

ಯೋಜನೆಯಿಂದ ಲಾಭವಾಗಲಿಲ್ಲ ಎನ್ನಲಾಗದು. ಆದರೆ ಬಡ ಮೀನುಗಾರನ ಹೊಟ್ಟೆಪಾಡಿಗಾಗಿ ಹೊರಟದ್ದು ಕ್ರಮೇಣ ಟ್ರಾಲರ್ ಕಡೆಗೆ, ರಫ್ತಿನ ಸಿಗಡಿಯ ಕಡೆಗೆ ತಿರುಗಿತು. ದೋಣಿಗೆ ಬಂಡವಾಳ ಇದ್ದವರು ಮೇಲೆ ಬಂದರು. ದಡದಲ್ಲಿ ಬಲೆ ಎಳೆಯುವವರು ಹಿಂದುಳಿದರು. 1970ರ ದಶಕದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ದೋಣಿಗಳು ಬಂದಾಗ, ಹತ್ತಾರು ಜನ ಕೂಡಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಇದನ್ನು ನಾರ್ವೆಯ ತಲೆಗೆ ಕಟ್ಟುವುದು ಅನ್ಯಾಯ. ಸಾಲ, ಸಬ್ಸಿಡಿ, ರಫ್ತಿನ ಆಸೆ ನಮ್ಮ ಸರ್ಕಾರಗಳದ್ದೇ. ಎರಡೂ ಕಡೆ ರಂಪಣಿಯವನ ಗರಜನ್ನು ಯಾರೂ ಬರೆದುಕೊಳ್ಳಲಿಲ್ಲ ಎಂಬುದಷ್ಟೇ ನನ್ನ ಮಾತು.

ಇಂದೂ ಅದನ್ನು ಬರೆದುಕೊಂಡಿಲ್ಲ. ಕಾರವಾರದಲ್ಲಿ ಐಎನ್‌ಎಸ್ ಕದಂಬ ನೆಲೆಗಾಗಿ ಊರುಗಳನ್ನೇ ಬಿಟ್ಟುಕೊಟ್ಟ ಕರಾವಳಿ ಇದು. ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡದಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ. ಅವರ ಮಾತು ಜಿಲ್ಲಾ ಪುಟದ ಸುದ್ದಿ. ನಾರ್ವೆಯದು, ಬ್ರಿಟನ್ನಿನದು ಮಾತ್ರ ಹಿತಾಸಕ್ತಿ. ಒಂದೇ ನೀರಿನ ಮೇಲಿನ ಎರಡು ಗರಜುಗಳಿಗೆ ಎರಡು ಭಾಷೆ ಏಕೆ?

ಹೊಸ ಒಪ್ಪಂದದ ಹಣ ಬರಲಿ, ಹಡಗೂ ಬರಲಿ. ಆದರೆ ಆ ಹಣದಲ್ಲಿ ಕರಾವಳಿಗೆ ಬರುವುದೆಷ್ಟು, ಯಾವ ಕೆಲಸಕ್ಕೆ, ಯಾರ ದಡದ ಮೇಲೆ ಎಂಬುದನ್ನು ಸರ್ಕಾರ ಮೊದಲೇ ಕನ್ನಡದಲ್ಲಿ ಪ್ರಕಟಿಸಲಿ. ಮೀನುಗಾರರ ಸಂಘಗಳನ್ನು ಮಾತುಕತೆಗೆ ಕರೆಯಲಿ. ನಾರ್ವೆ ತನ್ನ ಗರಜನ್ನು ಅರಿತು, ಬರೆದುಕೊಂಡು, ಅದರಂತೆ ಹಡಗು ಕಳಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅದೇ ಕೆಲಸವನ್ನು ನಾವು ಕಾರವಾರದ ಪರವಾಗಿ ಮಾಡಬೇಕು.